ಹಿಂದಕ್ಕೆ ಚಾಚಿದ ಕೈ

ಬುಡಾಪೆಸ್ಟ್, ಮೇ ೧೯೩೧

ಪ್ರೀತಿಯ ಅಪ್ಪನಿಗೆ,

ನಿಮ್ಮ ಹಳೆಯ ಕ್ಲಬ್ಬಿನ ಗೋಡೆಯ ಮೇಲೆ ನಿಮ್ಮ ಫೋಟೋ ಇನ್ನೂ ಇದೆ! ಯುದ್ಧಕ್ಕೆ ಮುಂಚಿನ ರಿಲೇ ತಂಡದ ನಾಲ್ವರೂ ಮೀಸೆ ತಿರುವಿಕೊಂಡು ನಿಂತಿದ್ದೀರಿ. ಅಲ್ಲಿಯೂ ನಿಮ್ಮ ಎಡಗೈ ಹಿಂದಕ್ಕೆ ಚಾಚಿದೆ. ಮನೆಯ ಊಟದ ಮೇಜು ನೆನಪಾಯಿತು. ನೀವು ತಿರುಗದೆ ಹಾಗೇ ಕೈ ಚಾಚುತ್ತೀರಿ, ಒಲೆಯ ಕಡೆಯಿಂದ ಅಮ್ಮ ಬ್ರೆಡ್ಡು ತಂದಿಡುತ್ತಾಳೆ.

ನಾನು ಮಾತ್ರ ಓಟದಲ್ಲಿ ಹಿಂದಿನವನಿಂದ ರಿಲೇ ಕೋಲು ತೆಗೆದುಕೊಳ್ಳುವಾಗ ಪ್ರತಿ ಸಲವೂ ಹಿಂದೆ ನೋಡಿಬಿಡುತ್ತಿದ್ದೆ. ಭಾನುವಾರದ ಪಂದ್ಯಕ್ಕೆ ನನ್ನನ್ನು ತಂಡದಿಂದ ಕೈಬಿಡುತ್ತಾರೇನೋ ಎಂದು ನಿದ್ದೆಯೇ ಇರಲಿಲ್ಲ. ನಿಮ್ಮ ಜೊತೆ ಓಡುತ್ತಿದ್ದ ದೋಮೆ ಮಾಮನೇ ಈಗ ನಮ್ಮ ಕೋಚ್. ನಿನ್ನೆ ರೇಗಿಬಿಟ್ಟರು: “ಏಯ್ ಇಂಗ್ಲಿಷಿನವಳ ಮಗನೇ, ಹಿಂದೆ ಏನು ನಾಯಿ ಅಟ್ಟಿಸ್ಕೊಂಡು ಬರ್ತಿದ್ಯಾ? ನಮ್ಮ ಕಾಲದಲ್ಲಿ ಕೋಲೇ ಇರ್ಲಿಲ್ಲ, ಅಂಗೈಗೆ ಅಂಗೈ ತಟ್ತಿದ್ವಿ. ಆಗ್ಲೂ ನಿಮ್ಮಪ್ಪ ಒಂದು ಸಲಾನೂ ತಿರುಗಿ ನೋಡಿದೋನಲ್ಲ ಕಣೋ!”

ಮುಂದಿನ ಸಲ ಓಡುವಾಗ, ಹಿಂದೆ ಬ್ರೆಡ್ಡು ಹಿಡಿದು ಅಮ್ಮ ಬರುತ್ತಿದ್ದಾಳೆ ಎಂದುಕೊಂಡು ತಿರುಗದೆ ಕೈ ಚಾಚಿದೆ. ಕೋಲು ಬಂತು! ತಂಡದಲ್ಲಿ ಉಳಿದೆ.

ಕೆಮ್ಮು ವಾಸಿಯಾಗಿದೆ. ಹಾಸ್ಟೆಲಿನ ಸೂಪು ಬರೀ ನೀರು.

ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದ ಮೇಲೆ ನೀವು ಕ್ಲಬ್ಬಿನ ಮೈದಾನಕ್ಕೆ ಹೋಗಿಲ್ಲವೆಂದು ಗೊತ್ತು. ಆದರೂ ಭಾನುವಾರ ಬನ್ನಿ ಅಪ್ಪ, ನನ್ನ ಹಿಂದೆ ಎಲ್ಲಾದರೂ ನಿಂತುಕೊಳ್ಳಿ. ಬಂದಿದ್ದೀರೋ ಇಲ್ಲವೋ ಎಂದು ನಾನು ತಿರುಗಿ ನೋಡುವುದಿಲ್ಲ.

ಊಟದ ಗಂಟೆ ಹೊಡೆಯಿತು,
ಆಕೋಶ್