ಅಕ್ಕನ ತಟ್ಟೆಗೆ ಮೂರು ಸೌಟು

ಪ್ರೀತಿಯ ಅಕ್ಕನಿಗೆ,

ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಾನು ಬಡಿಸುವ ಕ್ಯಾಂಟೀನಿನ ಕಂಬಿಯ ಮೇಲೆ ತಟ್ಟೆ ಸರಿಸುತ್ತಾ ಬಂದ ನೀನು, ನನ್ನನ್ನು ಕಂಡು ಮುಖ ತಿರುಗಿಸಿಕೊಂಡು ಹೋಗಿಬಿಟ್ಟೆ. ಇವತ್ತು ನಿನ್ನ ಪತ್ರ ಬಂತು. ಬೈಗುಳಕ್ಕಿಂತ ನಗುವೇ ಹೆಚ್ಚಿದೆ, ಜೀವ ತಣ್ಣಗಾಯಿತು.

ಅವತ್ತಿನ ತಪ್ಪು ನನ್ನದೇ ಅಕ್ಕಾ. ಸೈಕಲ್ ಗುಂಪಿನ ಜೊತೆ ಮೈಗಂಟಿದ ಹಳದಿ ಅಂಗಿ, ಚಡ್ಡಿ ಹಾಕಿಕೊಂಡು ನೀನು ಒಳಗೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ನನಗೆ ನಾಚಿಕೆಯಾಗಿ, ಯಾರೋ ಗಿರಾಕಿ ಅನ್ನುವ ಹಾಗೆ ಸುಮ್ಮನೆ ಬಡಿಸಿದೆ. ಆದರೆ ಕೈ ನನ್ನ ಮಾತು ಕೇಳಬೇಕಲ್ಲ! ತಟ್ಟೆಗೆ ಒಂದೇ ಸೌಟು ಅನ್ನುವುದು ಇಲ್ಲಿನ ಹಳೆಯ ಕಟ್ಟಳೆ. ಅವತ್ತು ಇದ್ದದ್ದು ನಮ್ಮ ಕಡೆಯ ಹಾಗೆ ಬೇಯಿಸಿದ ಕುಂಬಳಕಾಯಿ, ಅದು ನಿನಗೆ ಪ್ರಾಣವೆಂದು ಮೂರು ಸೌಟು ಹಾಕಿಬಿಟ್ಟೆ.

ನೀನು ಹೋದ ಮೇಲೆ ಯಜಮಾನರು ಕರೆದರು. ಕೆಲಸ ಹೋಯಿತು ಅಂದುಕೊಂಡೆ.

"ಮೂರು ಸೌಟು ಹಾಕಿದ್ಯಲ್ಲಯ್ಯಾ, ಯಾರು ಆಕೆ?"

"ನಮ್ಮಕ್ಕ ಸಾರ್."

"ಥೂ ನಿನ್ನ! ಒಡಹುಟ್ಟಿದವಳನ್ನ ಮಾತೂ ಆಡಿಸ್ದೆ ಕಳಿಸಿದ್ಯಾ? ಈ ವಯಸ್ಸಲ್ಲಿ ಅಷ್ಟು ದೂರ ಸೈಕಲ್ ತುಳ್ಕೊಂಡು ಬಂದಿದ್ದಾರೆ. ಮುಂದಿನ ಸಲ ಕೂರಿಸಿ ಬಡಿಸು."

ಸದ್ಯ, ಕೆಲಸ ಉಳಿಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಬರಹ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು.

ತಿಂಗಳ ಕೊನೆಯ ಭಾನುವಾರ ಹನ್ನೊಂದಕ್ಕೆ ಬರುತ್ತೇವೆ ಅಂತ ಬರೆದಿದ್ದೀಯ. ಹನ್ನೊಂದೋ ಹನ್ನೆರಡೋ, ನಿಮ್ಮ ಗುಂಪಿನವರನ್ನು ಇನ್ನೊಂದು ಸಲ ಕೇಳಿ ತಿಳಿಸು. ನೀನು ಬರುವ ಹೊತ್ತಿಗೆ ನಾನು ಬಾಗಿಲಲ್ಲೇ ನಿಂತಿರಬೇಕು.

ನಿನ್ನ ಪುಕ್ಕಲು ತಮ್ಮ