ಹಿಂದೆ ನಿಲ್ಲಲು ಒಬ್ಬರು

ಮನೆಯಿಂದ,
ಮಾರ್ಚ್ ೯, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಹಡಗಿನವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಶಾಖಕ್ಕೆ ಕತ್ತಿನ ಸುತ್ತ ಎದ್ದಿದ್ದ ಗುಳ್ಳೆಗಳು ಮಾಯ್ದವೇ? ಮುಲಾಮು ತೀರಿದ್ದರೆ ಅಲ್ಲಿನ ಔಷಧಿ ಪೆಟ್ಟಿಗೆಯವರನ್ನು ಕೇಳಿ ಇಸಿದುಕೊಳ್ಳಿ, ಸಂಕೋಚಪಟ್ಟುಕೊಂಡು ಕೆರೆದುಕೊಳ್ಳುತ್ತಾ ಕೂರಬೇಡಿ. ಅಡುಗೆಯವರು ಬದಲಾದರು ಅಂದಿದ್ದಿರಿ, ಹೊಸಬರ ಕೈ ಹೇಗಿದೆ? ಉಪ್ಪು ಜಾಸ್ತಿ ಹಾಕುವವರಾದರೆ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ನಿಮ್ಮ ಕನ್ನಡಕದ ಮೂಗಿನ ಮೆತ್ತೆಗಳು ಇಷ್ಟು ಹೊತ್ತಿಗೆ ಬೆವರಿಗೆ ಹಸಿರಾಗಿರುತ್ತವೆ. ಹೊಸ ಜೊತೆಯನ್ನು ಕಾಗದದಲ್ಲಿ ಸುತ್ತಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ, ಒಡೆಯುವಾಗ ಉದುರಿಸಿಕೊಂಡು ಆಮೇಲೆ ನನ್ನನ್ನು ಬೈಯಬೇಡಿ.

ಫೋನು ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಅಂದುಕೊಳ್ಳುತ್ತೀರಿ. ಆ ಫೋನಿನಲ್ಲಿ ಮಾತಾಡುವುದು ನನ್ನ ಕೈಲಾಗುವುದಿಲ್ಲ. ನನ್ನ ಮಾತು ನಿಮಗೆ ತಡವಾಗಿ ಕೇಳಿಸುತ್ತದೆ, ನಿಮ್ಮದು ನನಗೆ ತಡವಾಗಿ. ಇಬ್ಬರೂ ಒಟ್ಟಿಗೆ ಶುರು ಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ನೀವು ಹೇಳಿ, ನೀನು ಹೇಳು ಎನ್ನುವಷ್ಟರಲ್ಲಿ ಲೈನು ಹೋಗಿರುತ್ತದೆ. ಹೀಗಾಗಿ ನಿಮಗೆ ಪೂರ್ತಿ ಗೊತ್ತಿರುವುದು ಮೂರೇ ಸಂಗತಿ: ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಟ್ರೇ ತೆಗೆಯಲು ಹೋಗಿ ಸ್ಟೂಲಿನಿಂದ ಜಾರಿದ್ದು, ಮಣಿಕಟ್ಟಿನಲ್ಲಿ ಸಣ್ಣ ಬಿರುಕು ಬಂದಿದ್ದು, ಅದು ಕೂಡಿಕೊಂಡಿದ್ದು. ಮೂಳೆ ಡಾಕ್ಟರಮ್ಮ ಆಮೇಲೆ ಮಾಡಿಸಿದ ಸ್ಕ್ಯಾನಿನ ವಿಷಯ ಅರ್ಧ ಹೇಳಿದ್ದೆ, ಇನ್ನರ್ಧ ಸಮುದ್ರಕ್ಕೆ ಬಿತ್ತು. ಮೂಳೆ ಸವೆಯಲು ಶುರುವಾಗಿದೆಯಂತೆ. ನಡೆದಾಡಿದರೆ ಮಾತ್ರ ಸಾಲದು, ಭಾರ ಎತ್ತಬೇಕು, ಭಾರ ಬಿದ್ದರೇನೇ ಮೂಳೆಗೆ ತಾನು ಗಟ್ಟಿಯಾಗಬೇಕೆಂಬ ಬುದ್ಧಿ ಬರುವುದು ಅಂದರು. ಮನೆಯಲ್ಲೇ ಎತ್ತುತ್ತೀರೋ ಜಿಮ್ಮಿಗೆ ಸೇರುತ್ತೀರೋ ನಿಮ್ಮಿಷ್ಟ, ಆದರೆ ಎತ್ತಲೇಬೇಕು. ಭಾರ ಎತ್ತಬೇಕೆಂಬ ಅರ್ಧ ಮಾತ್ರ ಕೇಳಿಸಿಕೊಂಡು ನೀವು ಸಾಮಾನು ಮನೆಗೇ ತರಿಸಿಕೋ, ಅಲ್ಲಿಯವರೆಗೆ ಹೋಗಿಬರುವ ತಾಪತ್ರಯ ಯಾಕೆ, ನಾನು ಬಂದಾಗ ನನಗೂ ಆಗುತ್ತದೆ ಅಂದಿರಿ.

ನಿಜ ಹೇಳುತ್ತೇನೆ, ಅದಕ್ಕೂ ಮುಂಚೆ ನಾನು ಜಿಮ್ಮಿನ ತನಕ ಹೋಗಿದ್ದೆ. ನಮ್ಮ ಅಂಗಡಿಯಿಂದ ಎರಡು ತಿರುವು ಆಚೆ, ಮೊದಲು ಕಾರ್ಪೆಟ್ ಮಾರುತ್ತಿದ್ದರಲ್ಲ, ಅದೇ ಕಟ್ಟಡ. ಮುಂದೆಲ್ಲ ಗಾಜು. ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಒಳಗೆ ಎಲ್ಲರೂ ಎಲ್ಲಿಗೋ ಓಡುತ್ತಿದ್ದಾರೆ, ಎಲ್ಲಿಗೂ ಹೋಗುತ್ತಿಲ್ಲ. ನನ್ನ ವಯಸ್ಸಿನವರು ಒಬ್ಬರೂ ಕಾಣಲಿಲ್ಲ. ಈ ಸೊಂಟ ಹೊತ್ತುಕೊಂಡು ಆ ಕನ್ನಡಿಗಳ ಮುಂದೆ ಹೇಗೆ ನಿಲ್ಲುವುದು ಅನ್ನಿಸಿ, ಬಸ್ಸಿಗೆ ಕಾಯುತ್ತಿದ್ದವಳ ಹಾಗೆ ನಟಿಸಿ ಮನೆಗೆ ಬಂದೆ. ಆದ್ದರಿಂದ ನೀವು ಮನೆಗೇ ತರಿಸು ಅಂದಾಗ ನನಗೆ ಒಳಗೊಳಗೇ ಖುಷಿಯೇ ಆಯಿತು.

ಸಾಮಾನಿನ ಅಂಗಡಿಯಲ್ಲಿ ಮಾರುವ ಹುಡುಗ ಪಾಪ ಬಹಳ ತಾಳ್ಮೆಯವನು. ಟ್ರೆಡ್‌ಮಿಲ್ಲು ತೋರಿಸಿದ. ಕಣ್ಣು ಪರೀಕ್ಷೆ ಮಾಡುವ ನಮ್ಮ ಡಾಕ್ಟರ ಮನೆಯಲ್ಲಿ ಅದರ ಮೇಲೆ ಒದ್ದೆ ಟವೆಲ್ ಒಣಗುತ್ತಿರುವುದನ್ನು ನಾನೇ ಕಂಡಿದ್ದೇನೆ, ಬೇಡ ಅಂದೆ. ಕೂತಲ್ಲೇ ತುಳಿಯುವ ಸೈಕಲ್ ತೋರಿಸಿದ. ಹತ್ತಿ ಕೂತೆ, ಚೆನ್ನಾಗಿತ್ತು, ಆದರೆ ಅದು ಕಾಲಿಗಾಯಿತು, ಭಾರ ಎತ್ತಿದ ಹಾಗೆಲ್ಲಿ ಆಯಿತು? ಕೊನೆಗೆ ಮಲಗಿ ಎತ್ತುವ ಬೆಂಚು, ಒಂದು ರಾಡು, ಅದರ ಎರಡು ತುದಿಗೆ ಹಾಕುವ ಪ್ಲೇಟುಗಳು, ಇಷ್ಟನ್ನೇ ಆರಿಸಿದೆ. ಬಿಲ್ಲು ಮಾಡುವ ಮೊದಲು ಅವನು, "ಎತ್ತುವಾಗ ಹಿಂದೆ ನಿಲ್ಲೋಕೆ, ಕೈ ಸೋತ್ರೆ ರಾಡು ಹಿಡಿಯೋಕೆ ಮನೇಲಿ ಯಾರಾದ್ರೂ ಇದ್ದಾರಲ್ವಾ ಮೇಡಂ?" ಅಂತ ಕೇಳಿದ. ಇದ್ದಾರೆ ಅಂದೆ. ಸುಳ್ಳು ಅಂತ ನನಗೇನೂ ಅನ್ನಿಸಲಿಲ್ಲ, ನೀವು ಇದ್ದೀರಲ್ಲ.

ಬೆಂಚನ್ನು ನಿಮ್ಮ ಕೋಣೆಯಲ್ಲೇ ಹಾಕಿಸಿದೆ. ನಿಮ್ಮ ಉಪಕರಣದ ಪೆಟ್ಟಿಗೆ ಕಿಟಕಿಯ ಕೆಳಗೆ ಸರಿದಿದೆ, ಬೇರೇನೂ ಮುಟ್ಟಿಲ್ಲ. ಮೊದಮೊದಲು ಬರೀ ರಾಡು ಎರಡು ಸಲ ಎತ್ತುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ದಿನ ಕಳೆದಂತೆ ಹಗುರವಾಯಿತು, ಸಣ್ಣ ಪ್ಲೇಟು ಹಾಕಿದೆ. ಅದೂ ಹಗುರವಾಯಿತು. ನೀರಿನ ಕ್ಯಾನು ಒಂದೇ ಕೈಯಲ್ಲಿ ಮೆಟ್ಟಿಲು ಹತ್ತಿಸಿದ ದಿನ ಯಾರಿಗಾದರೂ ಹೇಳಬೇಕು ಅಂತ ಎಷ್ಟು ಆಸೆಯಾಯಿತು ಗೊತ್ತೇ? ನಿಮ್ಮ ಹಡಗು ಸಿಗಲಿಲ್ಲ. ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಂಡೆ, ನಗು ಬಂತು. ಒಬ್ಬಳೇ ನಕ್ಕರೆ ನಗು ಬೇಗ ಮುಗಿದುಹೋಗುತ್ತದೆ ಕಣ್ರೀ.

ಈಗ ಹೇಳುವುದನ್ನು ಓದಿ ಗಾಬರಿಯಾಗಬೇಡಿ, ಎಲ್ಲ ಮುಗಿದಿದೆ, ಚೆನ್ನಾಗಿ ಕೂತು ಬರೆಯುತ್ತಿದ್ದೇನೆ. ಕಳೆದ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಇನ್ನೊಂದು ಜೊತೆ ಪ್ಲೇಟು ಸೇರಿಸಿದೆ. ಮಲಗಿ, ರಾಡನ್ನು ಎತ್ತಿ ಎದೆಯ ತನಕ ಇಳಿಸಿದೆ. ಇಳಿಸುವುದೇನೋ ಸುಲಭವಾಗಿ ಇಳಿಯಿತು, ಮೇಲೆ ಮಾತ್ರ ಹೋಗಲಿಲ್ಲ. ಮತ್ತೆ ನೂಕಿದೆ, ಒಂದು ಗೇಣು ಹೋಗಿ ವಾಪಸು ಬಂತು. ಮೂರನೆಯ ಸಲ ಮಣಿಕಟ್ಟು ಸೋತಿತು. ರಾಡು ಎದೆಯ ಮೇಲೆ ಕೂತು, ಸ್ವಲ್ಪ ಸ್ವಲ್ಪವಾಗಿ ಕತ್ತಿನ ಕಡೆ ಉರುಳತೊಡಗಿತು. ಎರಡೂ ಕೈಯಲ್ಲಿ ತಡೆದು ಹಿಡಿದೆ. ಹಿಡಿಯಬಹುದು, ಎತ್ತಲಾಗದು. ಕೂಗೋಣವೆಂದರೆ ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ. ಯಾರನ್ನು ಅಂತ ಕೂಗಲಿ? ಈ ಕಟ್ಟಡದಲ್ಲಿ ಇಷ್ಟು ವರ್ಷ ಇದ್ದರೂ ಹೆಸರು ಹಿಡಿದು ಕರೆಯುವವರು ಒಬ್ಬರಿಲ್ಲ. ಯಾರಿಗೆ ದೂರದ್ದು ಕಾಣುವುದಿಲ್ಲ, ಯಾರಿಗೆ ಹತ್ತಿರದ್ದು ಅಂತ ಮಾತ್ರ ಗೊತ್ತು. ನಡುಮನೆಯಲ್ಲಿ ಫೋನು ಬಡಿದುಕೊಂಡು ನಿಂತಿತು. ನಾನು ಇಲ್ಲ ಅಂತ ಮೊದಲು ಗೊತ್ತಾಗುವುದು ನಾಳೆ ಅಂಗಡಿ ತೆಗೆದ ಮೇಲೆ, ಅದೂ ಯಾರದೋ ಕನ್ನಡಕದ ಕಡ್ಡಿ ಬಗ್ಗಿಸಬೇಕಾದಾಗ, ಅನ್ನಿಸಿತು. ಹೆದರಿಕೆಗಿಂತ ಹೆಚ್ಚಾಗಿ ಏನೋ ಅವಮಾನವಾದ ಹಾಗಾಯಿತು. ಯಾಕೆ ಅಂತ ಈಗಲೂ ತಿಳಿಯದು.

ಪ್ಲೇಟು ಜಾರದ ಹಾಗೆ ತುದಿಗೆ ಒಂದು ಕ್ಲಿಪ್ಪು ಹಾಕಬೇಕು. ಅವತ್ತು ಸೋಮಾರಿತನಕ್ಕೆ ಹಾಕಿರಲಿಲ್ಲ, ಆ ಸೋಮಾರಿತನವೇ ನನ್ನನ್ನು ಉಳಿಸಿತು. ಉಸಿರು ಬಿಗಿಹಿಡಿದು ರಾಡನ್ನು ಎಡಕ್ಕೆ ವಾಲಿಸಿದೆ. ಎಡಗಡೆಯ ಪ್ಲೇಟುಗಳು ಒಂದರ ಹಿಂದೊಂದು ಜಾರಿ ನೆಲಕ್ಕೆ ಬಿದ್ದವು, ಆಗ ಬಲಗಡೆ ಭಾರವಾಗಿ ರಾಡು ಪಲ್ಟಿ ಹೊಡೆದು ನಿಮ್ಮ ಉಪಕರಣದ ಪೆಟ್ಟಿಗೆಯ ಮೇಲೆ ಬಿತ್ತು. ಆ ಸದ್ದಿಗೆ ಇಡೀ ಕಟ್ಟಡ ನಡುಗಿರಬೇಕು. ನೆಲದ ಟೈಲು ಎರಡು ಕಡೆ ಸೀಳಿದೆ. ನಾನು ಬೆಂಚಿನಿಂದ ಕೆಳಗಿಳಿದು ಅಲ್ಲೇ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

ಕೆಳಗಿನ ಮನೆಯ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾದ ಮೇಲೆ ಹೊರಗೆ ಕಾಣುವುದೇ ಅಪರೂಪ, ನಿಮಗೆ ನೆನಪಿರಬಹುದು, ಮೆಟ್ಟಿಲಿನಲ್ಲಿ ಸಿಕ್ಕರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರಲ್ಲ, ಅವರೇ. ಜಗಳಕ್ಕೇ ಬಂದಿದ್ದರು, ಮುಖದಲ್ಲೇ ಕಾಣುತ್ತಿತ್ತು. ನನ್ನನ್ನು ನೋಡಿ ಜಗಳ ಮರೆತರು. ಏನು ಬಿತ್ತು ಅಂದರು. ನಾನೇ ಬೀಳಬೇಕಿತ್ತು, ಕಬ್ಬಿಣ ಬಿತ್ತು ಅಂದೆ. ಒಳಗೆ ಬಂದು ಬೆಂಚು ನೋಡಿದರು, ನನ್ನ ಕತ್ತಿನ ಕೆಳಗಿನ ಕೆಂಪು ಗೆರೆ ನೋಡಿದರು, ಕುರ್ಚಿ ಎಳೆದು ನನ್ನನ್ನೇ ಕೂರಿಸಿ, ನಮ್ಮ ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ತೆರೆದು ಹುಡುಕಿ ಚಹಾ ಮಾಡಿದರು. ಸಕ್ಕರೆ ಸಿಕ್ಕಿರಲಿಲ್ಲ, ನಾನೂ ಹೇಳಲಿಲ್ಲ, ಇಬ್ಬರೂ ಸಪ್ಪೆ ಚಹಾ ಕುಡಿದೆವು. ಅವರ ಕನ್ನಡಕ ಒಂದು ಕಡೆ ವಾಲಿತ್ತು. ಬಿಸಿನೀರಿನಲ್ಲಿ ಕಡ್ಡಿ ಅದ್ದಿ, ಬಗ್ಗಿಸಿ, ಕಿವಿಯ ಹಿಂದೆ ಬೆರಳಿಟ್ಟು ನೋಡಿ ಸರಿಮಾಡಿಕೊಟ್ಟೆ. ಆಗ ಅವರು ಗೋಡೆ ನೋಡುತ್ತಾ, "ನೀವು ಮೇಲೆ ಓಡಾಡೋದು ನಂಗೆ ಕೇಳಿಸ್ತಾ ಇರುತ್ತಮ್ಮ. ಕೇಳಿಸ್ತಿದ್ರೆ ಒಂಥರಾ ಸಮಾಧಾನ. ಭಾನುವಾರ ಮಾತ್ರ ನೀವು ಕೂತಲ್ಲಿಂದ ಅಲ್ಲಾಡಲ್ಲ, ಆವತ್ತು ನನಗೂ ಹೊತ್ತು ಹೋಗಲ್ಲ" ಅಂದರು. ನನ್ನ ಸಪ್ಪಳ ಇನ್ನೊಬ್ಬರ ಮನೆಗೆ ಹೋಗಿ ಬರುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಹೋಗುವಾಗ, ಇನ್ನು ಮೇಲೆ ಒಬ್ಬರೇ ಎತ್ತಬೇಡಿ, ನಾನು ಬಂದು ನಿಲ್ಲಬಹುದು, ಆದರೆ ನನ್ನ ಬೆನ್ನನ್ನು ಹಿಡಿಯಲು ಇನ್ನೊಬ್ಬರು ಬೇಕಾಗುತ್ತಾರೆ ಅಂದರು.

ಮರುದಿನ ಕೆಲಸ ಮುಗಿಸಿ ನೇರ ಜಿಮ್ಮಿಗೆ ಹೋದೆ. ಈ ಸಲ ಎದುರು ಫುಟ್‌ಪಾತಿನಲ್ಲಿ ನಿಲ್ಲಲಿಲ್ಲ, ನಿಂತರೆ ಮತ್ತೆ ಬಸ್ಸು ಬಂದುಬಿಡುತ್ತದೆ ಅಂತ. ಹೇಳಿಕೊಡುವವರು ನನಗಿಂತ ಸ್ವಲ್ಪ ಚಿಕ್ಕವರು, ಗಟ್ಟಿಮುಟ್ಟಾದ ಹೆಂಗಸು, ಮಾತು ಕಡಿಮೆ. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅವತ್ತೇ ಬೆಂಚಿನ ಮೇಲೆ ಮಲಗಿಸಿದರು, ಹೆದರಿಕೆ ಕೂತುಬಿಟ್ಟರೆ ಆಮೇಲೆ ಏಳುವುದಿಲ್ಲವಂತೆ. ನನ್ನ ತಲೆಯ ಹಿಂದೆ ನಿಂತು ರಾಡಿನ ಕೆಳಗೆ ಎರಡೂ ಅಂಗೈ ಒಡ್ಡಿದರು. ಮುಟ್ಟಿಲ್ಲ, ಸುಮ್ಮನೆ ಒಡ್ಡಿದ್ದಾರೆ ಅಷ್ಟೇ. ಎತ್ತಿದೆ. ಬೆನ್ನಿನ ರೆಕ್ಕೆ ಎರಡನ್ನೂ ಒಳಕ್ಕೆ ಎಳೆದುಕೊಳ್ಳಬೇಕು ಅಂದರು, ನನಗೆ ತಿಳಿಯಲಿಲ್ಲ. ಎಬ್ಬಿಸಿ ಕೂರಿಸಿ, ಇಲ್ಲಿ, ಅಂತ ಬೆನ್ನ ಮೇಲೆ ಅಂಗೈ ಇಟ್ಟು ಒತ್ತಿದರು.

ರೀ, ಆಗ ನನಗೆ ಅಳು ಬಂದುಬಿಟ್ಟಿತು. ನೋವಿಗಲ್ಲ. ನಾನು ಬೆಳಗಿನಿಂದ ಸಂಜೆಯ ತನಕ ಜನರ ಮುಖ ಮುಟ್ಟುತ್ತೇನೆ. ಮೂಗಿನ ಮೇಲೆ ಫ್ರೇಮು ಕೂರಿಸುತ್ತೇನೆ, ಕಿವಿಯ ಹಿಂದೆ ಬೆರಳಾಡಿಸುತ್ತೇನೆ, ಮಕ್ಕಳ ಗಲ್ಲ ಹಿಡಿದು ನೇರ ಮಾಡುತ್ತೇನೆ. ನನ್ನನ್ನು ಯಾರೂ ಮುಟ್ಟದೆ ಎಷ್ಟು ಕಾಲವಾಯಿತು ಅಂತ ಆ ಅಂಗೈ ಬೀಳುವವರೆಗೆ ನನಗೆ ಗೊತ್ತಾಗಿರಲಿಲ್ಲ. "ನೋಯ್ತಾ?" ಅಂದರು. ಇಲ್ಲ ಅಂತ ತಲೆಯಾಡಿಸಿದೆ. ಅವರು ಕೈ ತೆಗೆಯಲಿಲ್ಲ. ನಾನು ಮೂಗೊರೆಸಿಕೊಂಡ ಮೇಲೆ, "ಇನ್ನೊಂದ್ಸಲ ಎತ್ತೋಣ್ವಾ?" ಅಂದರು. ಎತ್ತಿದೆ.

ಜಿಮ್ಮು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಎಲ್ಲರೂ ಕಿವಿಗೆ ಏನಾದರೂ ಸಿಕ್ಕಿಸಿಕೊಂಡಿರುತ್ತಾರೆ, ನಾನು ಬಂದದ್ದೂ ಹೋದದ್ದೂ ಅವರಿಗೆ ತಿಳಿಯದು. ಬೆವರಿನ ವಾಸನೆ ಬೇರೆ. ಮನೆಗೆ ಬಂದು ಬೀಗ ತೆಗೆದರೆ ಮನೆ ಹಾಗೇ ಇರುತ್ತದೆ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ. ಆದರೂ ಸೇರಿಕೊಂಡೆ. ಬೆಂಚನ್ನೂ ರಾಡನ್ನೂ ಮಾರಿಬಿಡೋಣ ಅಂತಿದ್ದೇನೆ, ನಿಮ್ಮ ಕೋಣೆ ನಿಮಗಿರಲಿ. ಕೈಯಲ್ಲಿ ಹಿಡಿದು ಎತ್ತುವ ಸಣ್ಣ ಡಂಬೆಲ್ಸ್ ಮಾತ್ರ ಮನೆಯಲ್ಲಿರಲಿ, ಬಿದ್ದರೂ ಕಾಲ ಬೆರಳಷ್ಟೇ ಹೋಗುವುದು. ಮೇಷ್ಟ್ರು ಆಗಾಗ ಬಂದು ಹೋಗುತ್ತಾರೆ, ಈಗ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಅವರಿಗೆ ಗೊತ್ತು. ಸೀಳಿದ ಟೈಲು ಬದಲಾಯಿಸಬೇಡ, ನಾನೇ ಬಂದು ಮಾಡುತ್ತೇನೆ ಅನ್ನುತ್ತೀರಿ, ನನಗೆ ಗೊತ್ತು. ಹಾಗಾಗಿ ಅದರ ಮೇಲೆ ಚಾಪೆ ಹಾಸಿದ್ದೇನೆ.

ಡೆಕ್ಕಿನ ಮೇಲೆ ಗಾಳಿಗೆ ತಲೆಯೊಡ್ಡಿ ನಿಲ್ಲಬೇಡಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ, ಹೊಸ ಅಡುಗೆಯವರಿಗೂ ಸೇರಿಸಿ, ನನ್ನ ನಮಸ್ಕಾರ ತಿಳಿಸಿ. ನೀವು ಕ್ಷೇಮವಾಗಿದ್ದರೆ ನನಗೆ ಅಷ್ಟು ಸಾಕು ಅಂತ ಬರೆಯಲು ಹೊರಟೆ, ಅಷ್ಟು ಸಾಲುವುದಿಲ್ಲವಾದ್ದರಿಂದ ಬರೆಯುವುದಿಲ್ಲ.

ನಿಮ್ಮ,
ಮನೆಯವಳು

ತಾ.ಕ.: ಅಂಚೆಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡೇ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ಮೊನ್ನೆ ನಿಮ್ಮ ಕಂಪನಿಯ ಕಚೇರಿಯಿಂದ ಗುಮಾಸ್ತರು ಫೋನ್ ಮಾಡಿದ್ದರು. ನೀವು ಹಡಗಿನಿಂದ ಇಳಿಯದೆ ಇನ್ನೊಂದು ಸುತ್ತು ಹೋಗಲು ಒಪ್ಪಿದ್ದೀರಂತೆ, ಮನೆಯ ವಿಳಾಸ ಅದೇ ತಾನೇ ಅಂತ ಕೇಳಲು ಮಾಡಿದ್ದರು. ನೀವು ನನಗೆ ಹೇಳಿರಲಿಲ್ಲ. ಕೋಪವಿಲ್ಲ, ಹೇಳಲು ಬಾಯಿ ಬಂದಿರಲಿಕ್ಕಿಲ್ಲ. ವಿಳಾಸ ಅದೇ, ಆದರೆ ಹೆಂಡತಿ ಒಪ್ಪಿಲ್ಲ ಅಂತ ಬರೆದುಕೊಳ್ಳಿ ಅಂದೆ. ಅದಕ್ಕೆ ಇಲ್ಲಿ ಜಾಗವಿಲ್ಲ ಮೇಡಂ ಅಂದರು. ಜಾಗ ಮಾಡಿ ಬರೆದುಕೊಳ್ಳಿ ಅಂದೆ. ಬರೆದುಕೊಂಡರು, ಓದಿ ಹೇಳಿ ಅಂದು ಕೇಳಿಸಿಕೊಂಡೆ. ಮುಂದಿನ ಬಂದರಿನಲ್ಲಿ ಕಂಪನಿಯವರು ಈ ಬಗ್ಗೆ ನಿಮ್ಮನ್ನು ಕೇಳುತ್ತಾರೆ. ರಜೆಗೆ ಬಂದು ಹೋಗುವವರ ಹಾಗಲ್ಲ, ಬಂದುಬಿಡಿ.