ನಿಮ್ಮ ಮನೆಯಲ್ಲಿ ಎಮ್ಮೆ ಇರಲಿಲ್ಲ

ಯರಗುಪ್ಪಿ
ಭಾನುವಾರ, 24 ನವೆಂಬರ್ 2024

ಪ್ರೀತಿಯ ವೃಂದಾ,

ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಎಂಟು ದಿನದಿಂದ ನಿನ್ನ ಫೋನ್ ಬರುತ್ತಿದೆ, ನಾನು ಎತ್ತಿಲ್ಲ. ಅದಕ್ಕೆ ಸಿಟ್ಟಾಗಬೇಡ. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ನಗುತ್ತೀಯ, ನಾನೂ ನಕ್ಕು ಅಲ್ಲಿಗೇ ಬಿಡುತ್ತೇನೆ. ಐದು ವರ್ಷದಿಂದ ಹಾಗೇ ಆಗಿದೆ.

ನಾನು ಬಿ.ಎ. ಮಾಡಿಲ್ಲ. ಪಿಯುಸಿಯೇ ಮುಗಿಸಿಲ್ಲ. ಇಂಗ್ಲಿಷ್ ಪರೀಕ್ಷೆಯ ದಿನ ಕಾಲೇಜಿನ ಗೇಟಿನ ತನಕ ಬಂದೆ, ನೀನು ಒಳಗೆ ಹೋಗುವುದನ್ನು ನೋಡಿದೆ, ಹೊಳ್ಳಿ ಬಸ್ ಹತ್ತಿದೆ. ನಮ್ಮಿಬ್ಬರ ನಂಬರು ಬೇರೆ ಬೇರೆ ಕೋಣೆಯಲ್ಲಿ ಬಿದ್ದಿದ್ದರಿಂದ ನಿನಗೆ ತಿಳಿಯಲಿಲ್ಲ. ಉಳಿದ ಐದು ವಿಷಯ ಪಾಸಾಗಿವೆ, ಅದೊಂದೇ ಬಾಕಿ. ನಿಮ್ಮ ಅಪ್ಪ ರಘೂತ್ತಮ ಸರ್ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು, ಅವರಿಗೆ ಗೊತ್ತಿರಲೇಬೇಕು. ನಿನಗೆ ಹೇಳಿಲ್ಲವೆಂದರೆ ಆಮೇಲೆ ನಿಮ್ಮ ಮನೆಯಲ್ಲಿ ನನ್ನ ಹೆಸರೇ ಬಂದಿಲ್ಲ ಅಂತ ಕಾಣುತ್ತದೆ.

ನನ್ನ ಮಾತು ನಂಬಿ ನೀನು ನಿಮ್ಮ ಸಾಲೆಯಲ್ಲಿ ಟೀಚರ್ ಕೆಲಸಕ್ಕೆ ನನ್ನ ಬಗ್ಗೆ ಹೇಳಿಟ್ಟೆ. ಗುರುವಾರ ಸರ್ಟಿಫಿಕೇಟ್ ತಗೊಂಡು ಅಣ್ಣಿಗೇರಿಗೆ ಬಾ ಎಂದಿದ್ದಾರೆ. ತರಲು ನನ್ನಲ್ಲಿ ಏನೂ ಇಲ್ಲ. ನಾನು ಬರುವುದಿಲ್ಲ ಎಂದು ಅವರಿಗೆ ತಿಳಿಸು. ಕಾರಣವನ್ನೂ ಹೇಳು. ಮೈಯಲ್ಲಿ ಹುಷಾರಿಲ್ಲ ಎಂದೆಲ್ಲ ಹೇಳಿ ನನ್ನನ್ನು ಕಾಪಾಡಬೇಡ.

ಇಷ್ಟು ದಿನ ಏನು ಮಾಡಿದೆ ಎಂದು ಕೇಳುತ್ತೀಯ. ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಹನ್ನೊಂದು ತಿಂಗಳು. ಆಮೇಲೆ ಅಳ್ನಾವರದಲ್ಲಿ ಸ್ಟೇಷನ್ ಎದುರಿನ ಖಾನಾವಳಿಯ ಗಲ್ಲೆಯ ಮೇಲೆ ರೊಕ್ಕ ಎಣಿಸುತ್ತ ಎರಡು ವರ್ಷ. ಗೋವಾಕ್ಕೆ ಹೋಗುವವರು ಅಲ್ಲಿ ಇಳಿದು ಇಂಗ್ಲಿಷಿನಲ್ಲಿ ಜಗಳ ಆಡುತ್ತಿದ್ದರು, ನಾನೂ ಆಡುತ್ತ ಆಡುತ್ತ ಕಲಿತೆ. ಅದನ್ನೂ ಬಿಟ್ಟು ಬಂದೆ. ನಾನು ಒಳಗೆ ಹೊರಗೆ ಅಡ್ಡಾಡುವುದನ್ನು ನೋಡಿ ಅವ್ವ, "ನಿನ್ನ ಕಾಲಾಗ ಚಕ್ರ ಅದಾವೇನಬೇ? ಒಂದ ಕಡೆ ಕುಂಡ್ರು, ಇಲ್ಲಾ ಒಮ್ಮೆಲೆ ಹೋಗಿಬಿಡು" ಎಂದು ಬೈಯುತ್ತಾಳೆ.

ಕೂತದ್ದು ಒಂದೇ ಕಡೆ. ಇಲ್ಲಿನ ಸಂಘದ ಹೆಂಗಸರು ಹುಬ್ಬಳ್ಳಿಯ ಮಾಲಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರಲು ಹೋಗುತ್ತಾರೆ. ಗಿರಾಕಿಗಳು ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟುತ್ತದೆ, ಕಲಿಸು ಎಂದು ನನ್ನನ್ನು ಕರೆದರು. ಒಂಬತ್ತು ಮಂದಿ. ನನಗೆ ಅಕ್ಕೋರು ಎನ್ನುತ್ತಾರೆ. ಪುಸ್ತಕದ ಮೊದಲ ಪಾಠದಲ್ಲೇ ಪೇಚಿಗೆ ಬಿದ್ದೆ. ತನ್ನ ಹೆಸರು ಹೇಳಬೇಕು, ನಂತರ ಗಂಡನ ಹೆಸರು. ತಮ್ಮ ಹೆಸರು ಎಲ್ಲರೂ ಹೇಳಿದರು. ಗಂಡನ ಹೆಸರಿಗೆ ಬಂದಾಗ ಒಬ್ಬೊಬ್ಬರೂ ಪಕ್ಕದವಳನ್ನು ಮೊಳಕೈಯಿಂದ ತಿವಿದು ಮುಂದೆ ದೂಡಿದರು.

ಲಕ್ಷ್ಮವ್ವ, "ಅಕ್ಕೋರ, ಗಂಡನ ಹೆಸರ ಹಂಗ ಬಾಯಿ ತುಂಬ ಅಂತಾರೇನ್ರಿ?" ಎಂದಳು.

"ಇಂಗ್ಲಿಷಿನ್ಯಾಗ ನಡೀತದರಿ" ಎಂದೆ.

"ಇಂಗ್ಲಿಷ್ ಬ್ಯಾರೆ ಇದ್ರ ಗಂಡನೂ ಬ್ಯಾರೆ ಇರ್ತಾನೇನು?" ಎಂದಳು ರಾಮವ್ವ. ಎಲ್ಲರೂ ಸೆರಗು ಬಾಯಿಗೆ ಒತ್ತಿ ನಕ್ಕರು. ಹಲೀಮಾಬಿಯೂ ನಕ್ಕು, "ನಾನೂ ಹೇಳಂಗಿಲ್ರಿ" ಎಂದಳು. ನಾನು ಪುಸ್ತಕ ಮುಚ್ಚಿಟ್ಟೆ. ಮದುವೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವಂತೆ ಒಡಪು ಹಾಕಿಯೇ ಹೇಳಿರಿ, ಆದರೆ ಇಂಗ್ಲಿಷಿನಲ್ಲಿ ಎಂದೆ. ಒಂದು ವಾರ ಅದೇ ಪಾಠ. ಮೆಣಸಿನಕಾಯಿಗೆ ಏನಂತಾರೆ, ಎಲೆಗೆ ಏನಂತಾರೆ, ಮನೆ ಯಜಮಾನನಿಗೆ ಏನಂತಾರೆ ಎಂದು ದಾರಿಯಲ್ಲಿ ನಿಲ್ಲಿಸಿ ಕೇಳಿದರು. ಎಂಟು ದಿನದ ಹಿಂದಿನ ಶನಿವಾರ ಲಕ್ಷ್ಮವ್ವ ಎದ್ದು ನಿಂತು ಸೆರಗು ಸರಿಮಾಡಿಕೊಂಡು ಹೇಳಿದಳು:

"ರೆಡ್ ರೆಡ್ ಚಿಲ್ಲಿ, ಗ್ರೀನ್ ಗ್ರೀನ್ ಲೀಫ್,
ಮಡಿವಾಳೆಪ್ಪ ಮೈ ಹಸ್ಬಂಡ್, ಬಟ್ ಐ ಆಮ್ ಚೀಫ್."

ವೃಂದಾ, ನಾನು ಬಿಟ್ಟು ಓಡಿಹೋಗದ ಮೊದಲ ಕೆಲಸ ಇದು. ಅದೇ ದಿನ ಅವಳು ನನ್ನನ್ನು, "ನೀವ್ ಎಷ್ಟ್ ಓದೀರಿ?" ಎಂದು ಕೇಳಿದಳು. ಬಿ.ಎ. ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಇದ್ದದ್ದು ಹೇಳಿದೆ. ಲಕ್ಷ್ಮವ್ವ, "ಹಂಗಾರ ನೀನೂ ನಮ್ಮ ಜೋಡಿ ಕಲಿಯಾಕಿನ. ಬಾ, ಕುಂಡ್ರು" ಎಂದು ಚಾಪೆಯಲ್ಲಿ ಜಾಗ ಬಿಟ್ಟಳು. ಅಕ್ಕೋರು ಎನ್ನುವುದನ್ನು ಮಾತ್ರ ಬಿಡಲಿಲ್ಲ, ಸೋಮವಾರದಿಂದ ಮತ್ತೆ ಅದೇ.

ಇಂಗ್ಲಿಷ್ ಕಲಿಸುವುದನ್ನೇ ಜೀವನ ಮಾಡಿಕೊಳ್ಳಬೇಕೆಂದಿದ್ದೇನೆ. ಬಾಕಿ ಉಳಿದ ಪರೀಕ್ಷೆ ಬರೆದು, ಆಮೇಲೆ ನಿಜವಾದ ಬಿ.ಎ., ಆಮೇಲೆ ಬಿ.ಎಡ್. ಮಾಡಬೇಕು. ಪರೀಕ್ಷೆಯ ಅರ್ಜಿ ತುಂಬಲು ನಾಳೆ ಕಡೆಯ ದಿನ. ಓದಿದ ಕಾಲೇಜಿನಲ್ಲೇ ತುಂಬಬೇಕಂತೆ, ಪ್ರಿನ್ಸಿಪಾಲರ ಸಹಿ ಬೇಕಂತೆ. ಈಗ ಅಲ್ಲಿ ನಿಮ್ಮ ಅಪ್ಪನೇ ಪ್ರಿನ್ಸಿಪಾಲರು ಎಂದು ನಿನಗೆ ನಾನು ಹೇಳಬೇಕಿಲ್ಲ.

ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳು. ಅವರ ಕೈಯ ಅವಲಕ್ಕಿ ನೆನಪಿದೆ. ನಿನ್ನ ಸಾಲೆಯ ಮಕ್ಕಳೆಲ್ಲ ಈ ವರ್ಷ ಚೆನ್ನಾಗಿ ಪಾಸಾಗಲಿ, ನಿನಗೆ ಎಲ್ಲವೂ ಒಳ್ಳೆಯದಾಗಲಿ.

ನಿನ್ನ
ಅಮೃತಾ

ತಾ.ಕ.: ಗೇಟಿನಿಂದ ಯಾಕೆ ಹೊಳ್ಳಿದೆ ಎಂದು ಬರೆಯದೆ ಮಡಚಿದ್ದೆ. ಮತ್ತೆ ಬಿಚ್ಚಿದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಮ್ಮಿಬ್ಬರ ಪ್ರಬಂಧ ಒಂದೇ ಆಗಿತ್ತು. ಅವ್ವನ ಸೀರೆ ಉಟ್ಟರಷ್ಟೇ ನನಗೆ ಹಾಲು ಹಿಂಡಲು ಬಿಡುತ್ತಿದ್ದ ನಮ್ಮ ಎಮ್ಮೆಯ ಬಗ್ಗೆ. ಹಾಳೆ ಸರಿಸಿ ನಿನಗೆ ತೋರಿಸಿದವಳು ನಾನೇ, ಅದು ನನ್ನ ತಪ್ಪು. ರಘೂತ್ತಮ ಸರ್ ಎರಡೂ ಹಾಳೆ ಹಿಡಿದು ಕ್ಲಾಸಿನ ಮುಂದೆ ನನ್ನನ್ನು ನಿಲ್ಲಿಸಿ, "ನಮ್ಮ ವೃಂದಾನ್ನ ನೋಡಿ ಬರದೀದಿ. ಇಂಗ್ಲಿಷ್ ನಿನ್ನ ಕೈಲೆ ಆಗೂದಲ್ಲ" ಎಂದರು. ನೀನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದೆ. ನಿಮ್ಮ ಮನೆಯಲ್ಲಿ ಎಂದೂ ಎಮ್ಮೆ ಇರಲಿಲ್ಲ, ವೃಂದಾ. ಸರ್‌ಗೂ ಅದು ಗೊತ್ತಿತ್ತು.

ನಾಳೆ ಸಹಿ ಹಾಕುವಾಗ ಯಾಕೆ ಬಿಟ್ಟೆ ಎಂದು ಸರ್ ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಈ ಪತ್ರವನ್ನು ಕಾಲೇಜಿನ ಊರಿನಲ್ಲೇ ಪೋಸ್ಟ್ ಮಾಡುತ್ತೇನೆ. ನಾಳೆ ಮುಂಜಾನೆ ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ.